ಗಡ್ಡದ ದೊರೆ ನಕಲಿಯಂತೆ

ಜಪಾನಿನ ಫುಕುವೋಕಾಗೆ ಹೊಸದಾಗಿ ಬಂದಿಳಿದ ಕನ್ನಡಿಗರಿಗೆ ರೈಲಿನ ಕಾರ್ಡು ಸಿಗುವ ಮೊದಲೇ ಅನಸೂಯಾಳ ಉಪದೇಶ ಸಿಗುತ್ತಿತ್ತು. ಬೇಕೆಂದವರಿಗೂ ಸಿಗುತ್ತಿತ್ತು, ಬೇಡವೆಂದವರಿಗೂ ಸಿಗುತ್ತಿತ್ತು.

“ಜಪಾನಿ ಅಂದ್ರೆ ಹೆದರ್ಕೋಬೇಡಿ ಕಣ್ರೀ. ಇದು ನಮ್ ಕನ್ನಡಾನೇ, ವೇಷ ಹಾಕ್ಕೊಂಡ್ ಬಂದಿದೆ ಅಷ್ಟೆ. ವರ್ಬ್ ಕೊನೇಲಿ ಬರುತ್ತೋ ಇಲ್ವೋ? ‘ಗೆ’, ‘ಇಂದ’ ಎಲ್ಲಾ ಪದದ ಬಾಲಕ್ಕೆ ಅಂಟ್ಕೊಳ್ಳುತ್ತೋ ಇಲ್ವೋ? ನಾವು ‘ಅಂತೆ’ ಅಂತೀವಲ್ಲ, ಅದಕ್ಕೆ ಇಂಗ್ಲಿಷಲ್ಲಿ ಏನಿದೆ ಹೇಳಿ ನೋಡೋಣ? ಏನೂ ಇಲ್ಲ, ಪಾಪ! ಜಪಾನಿಯಲ್ಲಿ ಇದೆ. ‘ಸೋ ದೆಸು.’ ಬರ್ತಾರಂತೆ ಅನ್ನೋಕೆ ‘ಕುರು ಸೋ ದೆಸು.’ ಹೋಗ್ತಾರಂತೆ ಅನ್ನೋಕೆ ‘ಇಕು ಸೋ ದೆಸು.’ ಕೊನೇಲಿ ಸೋ ದೆಸು ಅಂಟಿಸ್ತಾ ಹೋಗಿ, ಬದುಕ್ಕೊಂಡ್ಬಿಡ್ತೀರ.”

ಹೀಗೆ ಪಾಠ ಹೇಳುತ್ತಿದ್ದವಳು ಈಗ ಹೇಳುವುದಿಲ್ಲ. ಯಾರಾದರೂ ಫೋನ್ ಮಾಡಿದರೆ, “ನನ್ ಹತ್ರ ಬೇಡ, ನೆಟ್ಟಗೆ ಕ್ಲಾಸಿಗೆ ಸೇರ್ಕೊಳ್ಳಿ” ಎಂದು ಇಟ್ಟುಬಿಡುತ್ತಾಳೆ. ಈಯಮ್ಮನಿಗೆ ಜಂಭ ಬಂದಿದೆ ಎಂದು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಜಂಭ ಇದ್ದದ್ದು ಮೊದಲು; ಈಗ ಅದು ಬುಡಸಮೇತ ಇಳಿದುಹೋಗಿದೆ. ಇಳಿದ ರೀತಿ ಕೇಳಿದರೆ ಆಡಿಕೊಳ್ಳುವವರೂ ಅಯ್ಯೋ ಪಾಪ ಎನ್ನುತ್ತಾರೆ.

ಅನಸೂಯಾ ಮೈಸೂರಿನ ‘ಶಂಕರ ಆರ್ಟ್ಸ್’ ಶಂಕರನ ಮಗಳು. ಚುನಾವಣೆ ಬಂತೆಂದರೆ ಊರ ಗೋಡೆಗಳ ಮೇಲೆ ಮುಖಂಡರ ಮುಖ ಮೂಡಿಸುತ್ತಿದ್ದ ಅಂಗಡಿ ಅದು. ಒಂದು ಮುಖವನ್ನು ಶಂಕರ ಕಾಗದದ ಮೇಲೆ ಒಮ್ಮೆ ಬರೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚುತ್ತಿದ್ದ. ಆ ಕಾಗದವನ್ನು ಗೋಡೆಗೆ ಹಿಡಿದು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿಚುಕ್ಕಿಯಾಗಿ ಮುಖ ಇಳಿಯುತ್ತಿತ್ತು. ಬಣ್ಣ ತುಂಬುವುದು ಕೆಲಸದವರು, ಕಣ್ಣು ಬಿಡಿಸುವುದು ಮಾತ್ರ ಶಂಕರ, ಕೆಳಗೆ ಸಹಿ ಶಂಕರನದೇ. ಒಂದೇ ಮುಖ ನಂಜನಗೂಡಿನ ರಸ್ತೆಯಲ್ಲೂ ಇರುತ್ತಿತ್ತು, ಹುಣಸೂರಿನ ರಸ್ತೆಯಲ್ಲೂ ಇರುತ್ತಿತ್ತು. ಇದರಲ್ಲಿ ಯಾವುದು ಅಸಲಿ ಶಂಕರ ಎಂದು ಯಾರೂ ಕೇಳಿದ್ದಿಲ್ಲ.

ಬಣ್ಣದ ವಾಸನೆಯಲ್ಲೇ ಬೆಳೆದವಳು ಓದಿದ್ದೂ ಬಣ್ಣದ ರಸಾಯನಶಾಸ್ತ್ರವನ್ನೇ. ಡಾಕ್ಟರೇಟ್ ಮುಗಿಸಿ ಫುಕುವೋಕಾದ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಬಂದಳು. ಹಳೆಯ ಚಿತ್ರಗಳನ್ನು ಒಂದು ಗೀರೂ ಬೀಳದಂತೆ ಎಕ್ಸ್‌ರೇಗೆ, ಅತಿಗೆಂಪು ಕ್ಯಾಮೆರಾಗೆ ಹಿಡಿದು, ಒಳಗೆ ಯಾವ ಬಣ್ಣವಿದೆ, ಬಣ್ಣದ ಕೆಳಗೆ ಯಾವ ಗೆರೆಯಿದೆ ಎಂದು ನೋಡುವ ಕೆಲಸ. ಗಂಡ ಹರಿಪ್ರಸಾದ ಅಲ್ಲಿನದೇ ಒಂದು ಸ್ಟಾರ್ಟಪ್‌ನಲ್ಲಿದ್ದಾನೆ. ಮಗಳು ಸ್ಪಂದನಾ ಅಲ್ಲೇ ಹುಟ್ಟಿದವಳು, ಈಗ ಹೈಸ್ಕೂಲು. ಅಮ್ಮ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಜಪಾನಿಯಲ್ಲಿ ಗೊಣಗುವಂಥವಳು. ಅಮ್ಮನ ಜಪಾನಿ ಕೇಳಿ ಅವಳು ಹಲ್ಲು ಕಚ್ಚಿಕೊಂಡದ್ದು ಎಷ್ಟೋ ಸಲ. ತಿದ್ದಲು ಹೋದರೆ ಅನಸೂಯಾ, “ಅವ್ರಿಗೆ ಅರ್ಥ ಆಯ್ತಲ್ಲ? ಮತ್ತೇನೇ ನಿಂದು?” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕಿವಿಯಲ್ಲೇ ಕಲಿತ ಭಾಷೆ, ವ್ಯಾಕರಣದ ಪುಸ್ತಕ ಮುಟ್ಟಿದವಳಲ್ಲ. ಸಹೋದ್ಯೋಗಿಗಳೋ ಮಹಾ ಸಭ್ಯರು. ಇವಳು ಹೇಗೆ ಮಾತಾಡಿದರೂ “ಅಬ್ಬ, ಎಷ್ಟು ಚೆನ್ನಾಗಿ ಮಾತಾಡ್ತೀರ” ಎಂದೇ ಹೇಳಿಕೊಂಡು ಬಂದರು. ಒಬ್ಬರಾದರೂ ಒಂದು ದಿನ ತಿದ್ದಿದ್ದರೆ!

ಹೋದ ವರ್ಷ ಶರತ್ಕಾಲದ ಒಂದು ಭಾನುವಾರ ಮೂವರೂ ಕರಾತ್ಸುಗೆ ಹೋಗಿದ್ದರು. ಕರಾತ್ಸು ಫುಕುವೋಕಾದಿಂದ ರೈಲಿನಲ್ಲಿ ಕಡಲಂಚಿಗೆ ಹೋದರೆ ಸಿಗುವ ಸಣ್ಣ ಊರು, ಮಣ್ಣಿನ ಟೀ ಬಟ್ಟಲುಗಳಿಗೆ ಹೆಸರಾದದ್ದು. ಸುತ್ತಾಡಿ ಕಾಲು ನೋವು ಬಂದು ಒಂದು ಹಳೆಯ ಕಾಫಿ ಅಂಗಡಿಗೆ ನುಗ್ಗಿದರು. ಗಲ್ಲಾದ ಹಿಂದಿನ ಗೋಡೆಯ ಮೇಲೆ, ಶಾಲೆಯ ಸ್ಲೇಟಿಗಿಂತ ಚಿಕ್ಕದೊಂದು ಮರದ ಹಲಗೆಯಲ್ಲಿ, ಕಪ್ಪು ಟೋಪಿಯ, ತುಪ್ಪಳದ ಕೊರಳಪಟ್ಟಿಯ, ಇಬ್ಭಾಗವಾದ ಗಡ್ಡದ ದಪ್ಪ ಮನುಷ್ಯನೊಬ್ಬ ಇವರನ್ನೇ ದುರುಗುಟ್ಟಿ ನೋಡುತ್ತಿದ್ದ.

“ಅಯ್ಯೋ, ಇದ್ಯಾವನ್ರೀ ಗಡ್ಡಪ್ಪ! ಕಾಫಿ ಕುಡಿದು ದುಡ್ ಕೊಡ್ದೆ ಹೋಗ್ಬಿಡ್ತೀವಿ ಅನ್ನೋ ಹಾಗೆ ನೋಡ್ತಾನಲ್ಲ” ಎಂದಳು ಅನಸೂಯಾ.

ಹರಿಪ್ರಸಾದ ನಕ್ಕ. ಅವಳು ನಗಲಿಲ್ಲ, ಎದ್ದು ಗೋಡೆಯ ಹತ್ತಿರ ಹೋದಳು. ಚಿತ್ರದ ಮೂಲೆಯಲ್ಲಿ ಕಡ್ಡಿಯಷ್ಟು ಸಣ್ಣ ಹಾವೊಂದಕ್ಕೆ ಬಾವಲಿಯ ರೆಕ್ಕೆ ಮೂಡಿತ್ತು. ಆ ಗುರುತು ಅವಳಿಗೆ ಗೊತ್ತಿತ್ತು. ಐನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಕ್ರಾನಾಖ್ ಎಂಬ ಚಿತ್ರಕಾರನ ಕಾರ್ಖಾನೆಯಿಂದ ಹೊರಟ ಚಿತ್ರಗಳ ಮೇಲಿನ ಗುರುತು ಅದು. ಸ್ಯಾಕ್ಸನಿ ಎಂಬ ಸೀಮೆಯ ಹೊಸ ದೊರೆ ಪಟ್ಟಕ್ಕೆ ಬಂದಾಗ, ಸತ್ತುಹೋಗಿದ್ದ ತನ್ನ ದೊಡ್ಡಪ್ಪನ ಮತ್ತು ತಂದೆಯ ಚಿತ್ರಗಳನ್ನು ಆ ಕಾರ್ಖಾನೆಯಲ್ಲಿ ಡಜನ್‌ಗಟ್ಟಲೆ ಮಾಡಿಸಿ ಎಲ್ಲರಿಗೂ ಹಂಚಿದ್ದ. ನಮ್ಮಲ್ಲಿ ಮುಖಂಡರ ಕ್ಯಾಲೆಂಡರ್ ಹಂಚಿದ ಹಾಗೇ ಅನ್ನಿ. ಗೋಡೆಯ ಮೇಲಿದ್ದವನು ಆ ದೊಡ್ಡಪ್ಪ, ದೊರೆ ಫ್ರೆಡರಿಕ್. ಆದರೆ ಆ ಗುರುತನ್ನೂ ಮುಖವನ್ನೂ ಆಮೇಲೆ ನಕಲು ಹೊಡೆದವರೂ ಬೇಕಾದಷ್ಟು ಜನ. ಇದು ಕಾರ್ಖಾನೆಯದೋ, ನಕಲಿಯೋ ಎಂದು ಬರಿಗಣ್ಣಿಗೆ ಹೇಳಲಾಗದು.

ಅಂಗಡಿಯ ಮಾಲೀಕ ಕುರೋಕಿ-ಸಾನ್ ಎಂಬತ್ತರ ಹತ್ತಿರದ ಮುದುಕ, ತೆಳ್ಳಗೆ, ಇಸ್ತ್ರಿಯ ಅಂಗಿಯ ಮೇಲೊಂದು ಏಪ್ರನ್. “ಅವರ ಹೆಸರು ಹಿಗೆ-ಸಾನ್” ಎಂದು ಅವರೇ ಬಂದು ಪರಿಚಯ ಮಾಡಿಸಿದರು. ಹಿಗೆ ಎಂದರೆ ಜಪಾನಿಯಲ್ಲಿ ಗಡ್ಡ, ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. “ಊರವರೆಲ್ಲ ಹಾಗೇ ಕರೆಯುತ್ತಾರೆ. ನನ್ನ ತಂದೆ ತಂದದ್ದು.”

ತಂದ ಕಥೆಯನ್ನು ಅವರು ಕಾಫಿ ಸೋಸುತ್ತಲೇ ಹೇಳಿದರು. ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಾಗಾಸಾಕಿಯ ಹಡಗುಕಟ್ಟೆಗೆ ಬಂದಿದ್ದ ಜರ್ಮನ್ ಎಂಜಿನಿಯರ್ ಒಬ್ಬ ಕರಾತ್ಸುಗೆ ಬಂದು ಇವರ ಮನೆಯ ಹಳೆಯ ಟೀ ಬಟ್ಟಲಿಗೆ ಮನಸೋತ. ಬದಲಿಗೆ ಈ ಹಲಗೆ ಕೊಡುತ್ತೇನೆ, ಇದು ಬಲು ಹಳೆಯದು ಎಂದ. ತಂದೆ ಒಪ್ಪಿಬಿಟ್ಟರು. ಆ ಬಟ್ಟಲು ತಲೆಮಾರುಗಳಿಂದ ಹಿರಿಯ ಮಗನಿಗೆ ಹೋಗುತ್ತಿದ್ದದ್ದು. ಕುರೋಕಿ-ಸಾನ್‌ಗೆ ಒಬ್ಬ ಅಣ್ಣನಿದ್ದ. ತನ್ನ ಪಾಲಿನ ಬಟ್ಟಲು ಕೊಟ್ಟು ಅಪ್ಪ ಯಾವನೋ ಗಡ್ಡದವನನ್ನು ಮನೆಗೆ ತಂದ, ಮೋಸ ಹೋದ, ಪೆದ್ದ ಎಂದು ಅಣ್ಣ ಜೀವಮಾನವಿಡೀ ಹೇಳಿದ. ಅಪ್ಪ ಪೆದ್ದರಲ್ಲ ಎಂದು ತಮ್ಮ ಜೀವಮಾನವಿಡೀ ಹೇಳಿದ. ತಾಯಿ ತೀರಿಕೊಂಡ ದಿನ ಇದೇ ಮಾತಿಗೆ ಮಾತು ಬೆಳೆದು, ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಅಣ್ಣ ಪಕ್ಕದ ಊರು ಇಮಾರಿಯಲ್ಲೇ ಇದ್ದ.

“ಪರೀಕ್ಷೆ ಮಾಡಿಸಲಿಲ್ಲವೇ?” ಎಂದು ಕೇಳಿದಳು ಅನಸೂಯಾ.

“ಧೈರ್ಯ ಬರಲಿಲ್ಲ” ಎಂದರು ಕುರೋಕಿ-ಸಾನ್.

ಇಲ್ಲಿಗೆ ಸುಮ್ಮನಿದ್ದು ಕಾಫಿ ಕುಡಿದು ಎದ್ದು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಯಾರು ಕರೆದಿದ್ದರು ಇವಳನ್ನು? ಯಾರೂ ಕರೆದಿರಲಿಲ್ಲ. ಆದರೂ ಅನಸೂಯಾ ತನ್ನ ವಿಸಿಟಿಂಗ್ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟೇಬಿಟ್ಟಳು. “ನನ್ನ ಲ್ಯಾಬಿಗೆ ತನ್ನಿ. ಮೆಷಿನ್ ಇದೆ. ನಾನು ನೋಡ್ತೀನಿ.”

ಕುರೋಕಿ-ಸಾನ್ ಆ ಕಾರ್ಡನ್ನು ಬಹಳ ಹೊತ್ತು ನೋಡಿದರು. “ಬೆಲೆ ಎಷ್ಟು ಅಂತ ನನಗೆ ಬೇಡ, ಸೆನ್ಸೇಯ್. ಮಾರುವವನಲ್ಲ ನಾನು. ಅಪ್ಪ ಮೋಸ ಹೋದರೋ ಇಲ್ಲವೋ, ಅಷ್ಟು ಹೇಳಿ ಸಾಕು” ಎಂದರು. ಸೆನ್ಸೇಯ್ ಎಂದರೆ ಗುರುಗಳು, ಓದಿದವರನ್ನು ಅಲ್ಲಿ ಹಾಗೇ ಕರೆಯುವುದು.

ಮುಂದಿನ ವಾರ ಹಲಗೆಯನ್ನು ನೇರಳೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ರೈಲಿನಲ್ಲಿ ತಂದು ಒಪ್ಪಿಸಿ ಹೋದರು. ಅನಸೂಯಾ ಅದನ್ನು ಕ್ಯಾಮೆರಾದ ಕೆಳಗಿಟ್ಟ ದಿನ ಪರದೆಯ ಮೇಲೆ ಮೂಡಿದ್ದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟಳು. ಬಣ್ಣದ ಕೆಳಗೆ ತೆಳುವಾದ, ನಡುಗದ, ಜೀವವಿಲ್ಲದ ಒಂದು ಗೆರೆ ಗಡ್ಡವನ್ನೂ ಮೂಗನ್ನೂ ಸುತ್ತಿಕೊಂಡು ಹೋಗಿತ್ತು. ಮುಖ ನೋಡಿ ಬರೆದ ಗೆರೆಯಲ್ಲ, ಅಚ್ಚಿನಿಂದ ಇಳಿಸಿಕೊಂಡ ಗೆರೆ. ಅಪ್ಪನ ಅಂಗಡಿಯ ತೂತಿನ ಕಾಗದ ಅವಳ ಕಣ್ಣಿಗೆ ಕಟ್ಟಿತು. ಕಾರ್ಖಾನೆ ಎಂದರೆ ಇದೇ ತಾನೆ! ಅಷ್ಟೊಂದು ದೊರೆಗಳನ್ನು ಅಚ್ಚಿಲ್ಲದೆ ಮಾಡುವುದು ಹೇಗೆ? ಇದು ನಿಜವಾದದ್ದೇ ಎಂದು ಅವಳ ಮನಸ್ಸು ಅಂದೇ ಹೇಳಿತು. ಆದರೆ ಮನಸ್ಸು ಹೇಳಿದ್ದನ್ನು ವಿಜ್ಞಾನಿ ಬಾಯಿಬಿಟ್ಟು ಹೇಳಲಾಗದು. ಗೆರೆಯ ಚಿತ್ರವನ್ನೂ ಬಣ್ಣಗಳ ವಿವರವನ್ನೂ ಜರ್ಮನಿಯಲ್ಲಿ ಆ ಕಾರ್ಖಾನೆಯ ಚಿತ್ರಗಳನ್ನೇ ಓದಿಕೊಂಡಿದ್ದ ಒಬ್ಬ ವಿದುಷಿಗೆ ಕಳಿಸಿದಳು. ಉಳಿದ ಚಿತ್ರಗಳ ಗೆರೆಯ ಜೊತೆ ಹೋಲಿಸಿ ನೋಡಲು ಕೆಲವು ವಾರ ಬೇಕು ಎಂದು ಆಕೆ ಬರೆದಳು.

ಕುರೋಕಿ-ಸಾನ್ ಹಲಗೆಯನ್ನು ವಾಪಸು ಒಯ್ಯಲು ಬಂದ ದಿನವೇ ಆ ಅನಾಹುತ ಆದದ್ದು.

ಅಂದು ಬೆಳಿಗ್ಗೆ ಟೋಕಿಯೋದ ಮಿನಾಟೋದಿಂದ ಚಿತ್ರ ವ್ಯಾಪಾರಿಯೊಬ್ಬ ಬೇರಾವುದೋ ಕೆಲಸಕ್ಕೆ ಲ್ಯಾಬಿಗೆ ಬಂದಿದ್ದ. ಮೇಜಿನ ಮೇಲಿದ್ದ ಗಡ್ಡದ ದೊರೆಯನ್ನು ನಿಂತಲ್ಲೇ ನೋಡಿ, “ಗೆರೆ ಬಿಗಿಯಾಗಿದೆ. ಆಮೇಲೆ ಯಾರೋ ಕಾಪಿ ಮಾಡಿರೋದು” ಎಂದು ಹೇಳಿ ವಿಮಾನಕ್ಕೆ ಹೊತ್ತಾಯಿತೆಂದು ಹೊರಟುಹೋದ. ಅನಸೂಯಾಳಿಗೆ ಉರಿದುಹೋಗಿತ್ತು. ಯಾವ ಬಿಗಿ ಗೆರೆ ಕಾರ್ಖಾನೆಯ ಗುರುತೋ ಅದನ್ನೇ ಹಿಡಿದು ಕಾಪಿ ಅಂತಾನಲ್ಲ, ಮಹಾನುಭಾವ!

ಆ ಉರಿ ಆರುವ ಮುಂಚೆಯೇ ಕುರೋಕಿ-ಸಾನ್ ಒಳಗೆ ಬಂದರು. ಬಾಗಿಲಲ್ಲಿ ಆ ವ್ಯಾಪಾರಿ ಎದುರಾಗಿದ್ದನಂತೆ; ದೊಡ್ಡ ಮನುಷ್ಯರಂತೆ ಕಾಣುತ್ತಾರೆ, ಹಿಗೆ-ಸಾನ್ ಬಗ್ಗೆ ಏನಾದರೂ ಹೇಳಿದರೇ ಎಂದು ಕೇಳಿದರು. ಅನಸೂಯಾ ಮುಖ ಸಿಂಡರಿಸಿದ್ದು ಕಂಡು, ತಾವೇ ಮೆಲ್ಲಗೆ, “ನಿಸೆಮೊನೊ ದೆಸು ಕಾ?” ಎಂದರು. ನಕಲಿಯೇ?

ಕನ್ನಡದಲ್ಲಿ ಇಂಥ ಹೊತ್ತಿಗೆ ನಾವು ಏನನ್ನುತ್ತೇವೆ? “ನಕಲಿಯಂತೆ!” ಎನ್ನುತ್ತೇವೆ. ಆ ‘ಅಂತೆ’ಯಲ್ಲೇ ಹೇಳಿದವನ ಮಾನ ಹರಾಜಾಗಿರುತ್ತದೆ. ಇವನು ಕಂಡ, ದೊಡ್ಡದಾಗಿ ಹೇಳೋಕೆ ಬಂದ ಎಂಬುದೆಲ್ಲ ಅದರಲ್ಲೇ ಬಂತು. ಅನಸೂಯಾ ಅದನ್ನೇ ಜಪಾನಿಯಲ್ಲಿ ಹೇಳಿದಳು. ಬಾಲಕ್ಕೆ ಅಂಟಿಸಿದಳು.

“ನಿಸೆಮೊನೊ, ಸೋ ದೆಸು!” ಎಂದು ನಕ್ಕಳು.

ಇನ್ನೂ ಹೇಳುವವಳಿದ್ದಳು. ಅವನ ಮಾತು ಬಿಡಿ, ಜರ್ಮನಿಯಿಂದ ಉತ್ತರ ಬರಲಿ ಎಂದು ಹೇಳುವವಳಿದ್ದಳು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಯಾರೋ ಕರೆದರು. “ಉಳಿದದ್ದು ಆಮೇಲೆ ತಿಳಿಸ್ತೀನಿ” ಎಂದು ಹಲಗೆಯ ಗಂಟನ್ನು ಅವರ ಕೈಗಿಟ್ಟು ಓಡಿದಳು. ಹಿಂತಿರುಗಿ ನೋಡಿದಾಗ ಕುರೋಕಿ-ಸಾನ್ ನಡು ಮುರಿಯುವಷ್ಟು ಬಗ್ಗಿ ನಮಸ್ಕರಿಸುತ್ತಿದ್ದರು. ಬಹಳ ಹೊತ್ತು ಮೇಲೇಳಲಿಲ್ಲ. ಎಂಥ ಸಭ್ಯ ಮುದುಕ ಎಂದುಕೊಂಡಳು ಅನಸೂಯಾ.

ಜರ್ಮನಿಯ ಉತ್ತರ ಬಂದಾಗ ಚಳಿಗಾಲ ಕಾಲಿಟ್ಟಿತ್ತು. ಇಮೇಲಿನಲ್ಲಿ ವಿದುಷಿ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದ್ದಳು. ಜರ್ಮನಿಯಲ್ಲಿದ್ದ ಒಬ್ಬ ದೊರೆ, ಕರಾತ್ಸುವಿನ ಹಿಗೆ-ಸಾನ್. ಮೂಗು, ಗಡ್ಡ, ಟೋಪಿಯ ಅಂಚು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದೇ ಅಚ್ಚು. ಬಣ್ಣ ಆ ಕಾಲದ್ದು, ಬೀಚ್ ಮರದ ಹಲಗೆ ಆ ಕಾಲದ್ದು, ರೆಕ್ಕೆಯ ಹಾವು ಆ ಕಾಲದ್ದು. ಸಂಶಯವೇ ಇಲ್ಲ, ಕ್ರಾನಾಖ್ ಕಾರ್ಖಾನೆಯದು. ಇಂಥದೊಂದು ಜಪಾನಿನ ಕಾಫಿ ಅಂಗಡಿಯಲ್ಲಿದೆ ಎಂದು ನಂಬಲಾಗುತ್ತಿಲ್ಲ, ನಾನೇ ಬಂದು ನೋಡುತ್ತೇನೆ ಎಂದು ಬರೆದಿದ್ದಳು.

ಅನಸೂಯಾ ಲ್ಯಾಬಿನಲ್ಲೇ ಕುಣಿದಾಡಿದಳು. ಫೋನ್ ಮಾಡಲಿಲ್ಲ, ಮುದುಕನ ಮುಖ ಅರಳುವುದನ್ನು ಕಣ್ಣಾರೆ ನೋಡಬೇಕಿತ್ತು. ಮರುದಿನವೇ ರೈಲು ಹತ್ತಿದಳು.

ಅಂಗಡಿಯ ಬಾಗಿಲು ತಳ್ಳಿದವಳು ಮೊದಲು ನೋಡಿದ್ದು ಗೋಡೆಯನ್ನು. ಹಲಗೆ ಇದ್ದ ಜಾಗ ಚೌಕಾಕಾರವಾಗಿ ಬಿಳಿಚಿಕೊಂಡಿತ್ತು.

“ಸೆನ್ಸೇಯ್! ನಾನೇ ಬಂದು ಕಾಣಬೇಕಿತ್ತು, ಸುಮಿಮಾಸೆನ್” ಎಂದು ಕುರೋಕಿ-ಸಾನ್ ಕ್ಷಮೆ ಕೇಳಿದರು. ಕುರ್ಚಿ ಎಳೆದು ಕೂರಿಸಿದರು. ಅಣ್ಣ ತೀರಿಕೊಂಡರು, ಅದರ ಓಡಾಟದಲ್ಲಿ ಬರಲಾಗಲಿಲ್ಲ ಎಂದರು.

“ಚಿತ್ರ?” ಎಂದಳು ಅನಸೂಯಾ.

“ಅಣ್ಣನ ಜೊತೆ ಕಳಿಸಿದೆ.”

ಜಪಾನಿನಲ್ಲಿ ಸತ್ತವರ ಪೆಟ್ಟಿಗೆಯೊಳಗೆ ಅವರಿಗೆ ಸಲ್ಲಬೇಕಾದದ್ದನ್ನು ಇಟ್ಟು, ಜೊತೆಗೇ ದಹನ ಮಾಡುತ್ತಾರೆ. ಗಾಜು, ಲೋಹ ಇಡುವಂತಿಲ್ಲ. ಚೌಕಟ್ಟು, ಗಾಜು ಎಲ್ಲ ಬಿಚ್ಚಿ ತೆಗೆದೆ, ಬರೀ ಮರ ತಾನೆ, ಸ್ಮಶಾನದವರು ಇಡಲು ಬಿಟ್ಟರು ಎಂದು ಕುರೋಕಿ-ಸಾನ್ ವಿವರಿಸಿದರು. ಅಣ್ಣನ ಪಾಲಿನ ಬಟ್ಟಲಿಗೆ ಬದಲಾಗಿ ಬಂದದ್ದು, ಅವರ ಎದೆಯ ಮೇಲೇ, ಹೂಗಳ ನಡುವೆ ಇಟ್ಟೆ ಎಂದರು.

“ನೀವು ಹೇಳಿದ ಸಂಜೆಯೇ, ಅಣ್ಣ ಕೊನೆಯ ದಿನ ಎಣಿಸುತ್ತಿದ್ದ ಇಮಾರಿಯ ಆಸ್ಪತ್ರೆಗೆ ಹೋದೆ. ಅಣ್ಣ, ನೀನು ಹೇಳಿದ್ದೇ ಸರಿ, ಅಪ್ಪ ಮೋಸ ಹೋಗಿದ್ದರು ಅಂತ ಒಪ್ಪಿಕೊಂಡೆ. ನಿಮಗೆ ನಾನು ಋಣಿ, ಸೆನ್ಸೇಯ್. ಬೇರೆ ಯಾರೇ ಆಗಿದ್ದರೂ ‘ಸ್ವಲ್ಪ ಕಷ್ಟ’ ಅಂತ ಸುತ್ತಿ ಬಳಸಿ ಹೇಳುತ್ತಿದ್ದರು, ನಾನು ಇನ್ನೂ ಆಸೆ ಇಟ್ಟುಕೊಂಡು ಕೂತಿರುತ್ತಿದ್ದೆ. ನೀವು ನೇರವಾಗಿ ಹೇಳಿದಿರಿ. ನನ್ನ ಮನಸ್ಸಿಗೆ ನೋವಾಗಬಾರದು ಅಂತ ನಕ್ಕುಕೊಂಡು ಹೇಳಿದಿರಿ.”

ಅನಸೂಯಾಳ ಚೀಲದಲ್ಲಿ ಜರ್ಮನಿಯ ಉತ್ತರದ ಪ್ರಿಂಟ್ ಇತ್ತು. ಚೀಲದ ಜಿಪ್ಪನ್ನು ಅವಳು ತೆರೆಯಲೇ ಇಲ್ಲ. ಕಾಫಿ ಕುಡಿದಳೋ ಬಿಟ್ಟಳೋ ಅವಳಿಗೆ ಈಗಲೂ ನೆನಪಿಲ್ಲ. ಈ ಕಡೆ ಬಂದಿದ್ದೆ, ಹಾಗೇ ನೋಡಿಹೋಗೋಣ ಅಂತ ಬಂದೆ ಎಂದೇನೋ ಹೇಳಿ ಎದ್ದುಬಂದಳು. ರೈಲಿನಲ್ಲಿ ಇಡೀ ದಾರಿ ಕಿಟಕಿಗೆ ಮುಖ ಮಾಡಿ ಅತ್ತಳು.

ಮನೆಗೆ ಬಂದವಳಿಗೆ ಅಳುವಿನ ಜೊತೆ ಸಿಟ್ಟೂ ಬಂದಿತ್ತು. “ನಾನ್ ಎಲ್ರೀ ಹೇಳ್ದೆ ನಕಲಿ ಅಂತ? ಆ ವ್ಯಾಪಾರಿ ಹಾಗಂತಾನೆ ಅಂದೆ. ನಕಲಿಯಂತೆ ಅಂದೆ. ಅಂತೆ ಅಂದ್ರೆ ಗೊತ್ತಾಗಲ್ವಾ ಆ ಮನುಷ್ಯಂಗೆ?” ಎಂದು ಹರಿಪ್ರಸಾದನ ಮೇಲೆ ಹಾಯ್ದಳು.

ಓದುತ್ತಿದ್ದ ಸ್ಪಂದನಾ ತಲೆಯೆತ್ತಿದಳು. “ಅಮ್ಮಾ, ವಾಟ್ ಎಕ್ಸಾಕ್ಟ್ಲಿ ಡಿಡ್ ಯು ಸೇ? ಜಪಾನೀಸಲ್ಲಿ ಹೇಳು.”

“ನಿಸೆಮೊನೊ, ಸೋ ದೆಸು.”

“ಅಷ್ಟೇನಾ? ‘ದಾ’ ಎಲ್ಲಿ?”

“ಯಾವ ದಾ?”

ಮಗಳು ಪೆನ್ನು ಕೆಳಗಿಟ್ಟಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅನಸೂಯಾ ಕೇಳಿರಲಿಲ್ಲ. “ವರ್ಬ್ ಆದ್ರೆ ಓಕೆ ಅಮ್ಮಾ. ಕುರು ಸೋ ದೆಸು, ಕರೆಕ್ಟ್. ಬಟ್ ನೌನ್ ಬಂದ್ರೆ ನಡುವೆ ‘ದಾ’ ಬೇಕು. ನಿಸೆಮೊನೊ ‘ದಾ’ ಸೋ ದೆಸು. ದೆನ್ ಇಟ್ ಮೀನ್ಸ್ ನಕಲಿಯಂತೆ. ದಾ ಇಲ್ದೆ ಹೇಳಿದ್ರೆ… ಅವ್ರು ಕ್ವೆಶ್ಚನ್ ಕೇಳಿದ್ರಲ್ವಾ? ದೆನ್ ಇಟ್ ಮೀನ್ಸ್…”

“ಏನು?”

“‘ನಕಲಿ. ಹೌದು, ಹಾಗೇನೇ.’”

ಕನ್ನಡದಲ್ಲಿ ‘ಅದು ನಕಲಿ’ ಎಂದರೆ ವಾಕ್ಯ ಮುಗಿಯಿತು, ಅಲ್ಲಿ ಇನ್ನೊಂದು ಪದ ಬೇಡ. ಅದರ ಬಾಲಕ್ಕೆ ನೇರವಾಗಿ ‘ಅಂತೆ’ ಅಂಟಿಸಬಹುದು. ಇಂಗ್ಲಿಷಿನವನಾಗಿದ್ದರೆ ತನ್ನ ‘ಈಸ್’ಗೆ ಸಾಟಿ ಪದ ಹುಡುಕುತ್ತಿದ್ದ, ಈ ತಪ್ಪು ಮಾಡುತ್ತಿರಲಿಲ್ಲ. ಕನ್ನಡದವಳು, ಅದೂ ಜಪಾನಿ ಎಂದರೆ ಕನ್ನಡವೇ ಎಂದು ಊರಿಗೆಲ್ಲ ಸಾರಿದವಳು, ಇದನ್ನೇ ಮಾಡಬೇಕಿತ್ತು, ಮಾಡಿದಳು. ಒಂದು ‘ದಾ’. ಬಾಯಲ್ಲಿ ಹಿಡಿದರೆ ಸಾಸಿವೆಯಷ್ಟೂ ಇಲ್ಲ. ಅದು ಬಿಟ್ಟುಹೋದದ್ದಕ್ಕೆ ಐನೂರು ವರ್ಷ ಉಳಿದುಬಂದ ದೊರೆ ಇಮಾರಿಯ ಸ್ಮಶಾನದಲ್ಲಿ ಬೂದಿಯಾದ.

“ಬಿಟ್ಬಿಡು ಅನು” ಎಂದ ಹರಿಪ್ರಸಾದ. ಕೆಟ್ಟವನಲ್ಲ, ಹೆಂಡತಿ ಹೀಗೆ ಕುಸಿದು ಕೂತದ್ದು ನೋಡಲಾಗದೆ ಹೇಳಿದ. “ಈಗ ಹೋಗಿ ಹೇಳಿ ಏನ್ ಪ್ರಯೋಜನ? ಚಿತ್ರ ವಾಪಸ್ ಬರುತ್ತಾ? ಅಣ್ಣ ತಮ್ಮ ಒಂದಾದ್ರಲ್ಲ, ಅಷ್ಟ್ ಸಾಕು. ಮುದುಕ ನೆಮ್ಮದಿಯಾಗಿದ್ದಾನೆ. ನೀನ್ ಹೋಗಿ ಕಲ್ಲು ಹಾಕ್ಬೇಡ.”

ಅನಸೂಯಾ ಕೆಲವು ದಿನ ಅದನ್ನೇ ನಂಬಲು ನೋಡಿದಳು. ಆಗಲಿಲ್ಲ. ಆ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ: ಅಪ್ಪ ಮೋಸ ಹೋದರೋ ಇಲ್ಲವೋ. ಅದಕ್ಕೆ ಉತ್ತರ ತನ್ನ ಚೀಲದಲ್ಲಿದೆ. ಚಿತ್ರ ಸುಟ್ಟುಹೋದರೂ ಉತ್ತರ ಸುಟ್ಟಿಲ್ಲ. ಅದನ್ನು ಮುಚ್ಚಿಟ್ಟರೆ ತನ್ನ ತಪ್ಪನ್ನು ಮುಚ್ಚಿಕೊಂಡ ಹಾಗೇ ಹೊರತು ಮುದುಕನ ನೆಮ್ಮದಿ ಕಾಪಾಡಿದ ಹಾಗಲ್ಲ. ಅದಕ್ಕಿಂತ ಹೆಚ್ಚಾಗಿ, ಸತ್ತುಹೋದ ಆ ಅಪ್ಪ ತಾನು ಮಾಡದ ತಪ್ಪಿಗೆ ಇಬ್ಬರು ಮಕ್ಕಳಿಂದಲೂ ಪೆದ್ದನೆನಿಸಿಕೊಂಡು ಉಳಿದುಬಿಡುತ್ತಾನಲ್ಲ ಎಂಬುದು ಅವಳ ಎದೆ ಕೊರೆಯಿತು. ಅವಳಿಗೂ ಒಬ್ಬ ಅಪ್ಪನಿದ್ದ, ಎಲ್ಲರ ಮುಖವನ್ನೂ ಬರೆದು ತನ್ನ ಮುಖ ಯಾರೂ ಗುರುತಿಸದೆ ಹೋದವನು.

ಮತ್ತೆ ಕರಾತ್ಸುಗೆ ಹೋದಳು. ಈ ಸಲ ಸ್ಪಂದನಾಳನ್ನು ಕರೆದೊಯ್ದಳು, ಒಂದಕ್ಷರವೂ ಹೆಚ್ಚುಕಡಿಮೆ ಆಗಬಾರದೆಂದು. ಮಧ್ಯಾಹ್ನ, ಅಂಗಡಿ ಖಾಲಿ. ಪ್ರಿಂಟನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಒಂದರ ಮೇಲೊಂದು ಕೂತ ಎರಡು ಗೆರೆಗಳನ್ನು ತೋರಿಸಿದಳು. ಅವಳು ಕನ್ನಡದಲ್ಲಿ ಹೇಳಿದಳು, ಮಗಳು ಜಪಾನಿಯಲ್ಲಿ ಹೇಳಿದಳು. ಚಿತ್ರ ನಿಜವಾದದ್ದು. ನಿಮ್ಮ ತಂದೆ ಮೋಸ ಹೋಗಿರಲಿಲ್ಲ. ಆ ದಿನ ನಾನು ಹೇಳಿದ್ದು ವ್ಯಾಪಾರಿಯ ಮಾತು, ನನ್ನ ಮಾತಲ್ಲ. ಹೇಳಲು ಬರಲಿಲ್ಲ ನನಗೆ, ಭಾಷೆ ಬರುತ್ತದೆಂದು ತಿಳಿದುಕೊಂಡಿದ್ದೆ. ತಪ್ಪು ನನ್ನದು, ಪೂರಾ ನನ್ನದು. ಅನಸೂಯಾ ಕುರ್ಚಿಯಿಂದ ಇಳಿದು ನೆಲಕ್ಕೆ ಹಣೆ ಹಚ್ಚಿದಳು.

ಕುರೋಕಿ-ಸಾನ್ ಅವಳನ್ನು ಎಬ್ಬಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೆರೆಗಳ ಮೇಲೆ ಬೆರಳಾಡಿಸಿ, “ಹೊನ್ಮೊನೊ” ಎಂದರು. ಅಸಲಿ. ಮತ್ತೊಮ್ಮೆ ಹಾಗೆಂದರು. ಮುಖದಲ್ಲಿ ಒಂದು ಗಳಿಗೆ ಸಣ್ಣ ಹುಡುಗನ ಖುಷಿ ಕಂಡಿತು, ಅಪ್ಪ ಗೆದ್ದ ಖುಷಿ. ಆಮೇಲೆ ಅದು ಹೋಯಿತು.

“ಅಣ್ಣ ಆಸ್ಪತ್ರೆಯಲ್ಲಿ ನಕ್ಕರು, ಸೆನ್ಸೇಯ್” ಎಂದರು. “ಅದನ್ನು ಅವತ್ತು ನಿಮಗೆ ಹೇಳಲಿಲ್ಲ. ಅಪ್ಪ ಮೋಸ ಹೋಗಿದ್ದರು ಅಂತ ನಾನು ಅಂದ ತಕ್ಷಣ ಅಣ್ಣ ನಕ್ಕುಬಿಟ್ಟರು. ಎಂಥ ಪೆದ್ದ ಅಲ್ಲವೇನೋ ನಮ್ಮಪ್ಪ ಅಂದರು. ನನಗೂ ನಗು ಬಂತು. ಹೌದು, ಎಂಥ ಪೆದ್ದ ಅಂದೆ. 

“ಅಪ್ಪ ಆ ಜರ್ಮನಿಯವನಿಗೆ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದ್ದನ್ನು ಅಣ್ಣ ಮಲಗಿದ್ದಲ್ಲೇ ಮಾಡಿ ತೋರಿಸಿದರು. ಬೀಗುತ್ತ ಬಟ್ಟಲು ಎತ್ತಿಕೊಂಡು ಹೋದವನನ್ನು ನಾನು ಮಾಡಿ ತೋರಿಸಿದೆ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ನರ್ಸ್ ಬಂದು ಗದರಿದಳು. ಚಿಕ್ಕಂದಿನಲ್ಲೂ ನಾವು ಹಾಗೆ ನಕ್ಕಿರಲಿಲ್ಲ. ಎರಡು ದಿನಕ್ಕೆ ಅಣ್ಣ ಹೋದರು. ಆ ನಗು ಒಂದೇ ನನ್ನ ಹತ್ತಿರ ಉಳಿದಿತ್ತು.”

ಸ್ಪಂದನಾ ಇದನ್ನು ಕನ್ನಡಕ್ಕೆ ಹೇಳಲಿಲ್ಲ. ಅನಸೂಯಾಳಿಗೆ ಎಲ್ಲವೂ ಅರ್ಥವಾಗಿತ್ತು.

“ಅಪ್ಪ ಪೆದ್ದರಾಗಿರಲಿಲ್ಲ” ಎಂದರು ಕುರೋಕಿ-ಸಾನ್. “ಹಾಗಾದರೆ ಆ ನಗುವನ್ನು ನಾನೀಗ ಏನು ಮಾಡಲಿ, ಸೆನ್ಸೇಯ್?”

ಮಾತಿಗೆ ಕೇಳಿದ್ದಲ್ಲ ಅದು. ಓದಿದವಳು, ಇವಳಿಗೆ ಗೊತ್ತಿರಬಹುದು ಎಂದೇ ಅವರು ಕೇಳಿದ್ದರು. ಕುರೋಕಿ-ಸಾನ್ ಉತ್ತರಕ್ಕಾಗಿ ಕಾಯುತ್ತ ಅವಳ ಮುಂದೆ ನಿಂತೇ ಇದ್ದರು.